ಅವ್ವನ ಆರ್.ಡಿ., ನೀಸ್ ಕಡಲು

ಅವ್ವ ಅನ್ನೂರಿನ ನಮ್ಮ ಮನೆಯ ಮಗ್ಗದಲ್ಲಿ ಕೋರಾ ಸೀರೆ ನೇಯ್ದು, 2019ರ ಜೂನ್‌ನಿಂದ ಅಂಚೆ ಕಚೇರಿಯಲ್ಲಿ ತಿಂಗಳಿಗೆ 5,000 ರೂಪಾಯಿ ಆರ್.ಡಿ. ಕಟ್ಟಿದಳು. ಐದು ವರ್ಷಕ್ಕೆ ಬಡ್ಡಿ ಸೇರಿ 3,60,000 ದಾಟಿತು. "ರಾಮೇಶ್ವರದ ಕಡಲು ನೋಡಿ ಆಯ್ತು, ಇನ್ನೊಂದು ದೊಡ್ಡ ಕಡಲು ತೋರ್ಸು" ಅಂದಳು. ಫ್ರಾನ್ಸಿನ ತೆಂಕಣ ಕರಾವಳಿಯ ನೀಸ್ ಆರಿಸಿದೆ.

ಇಬ್ಬರ ಪ್ಯಾಕೇಜಿಗೆ 4 ಲಕ್ಷ. ಬಿಲ್ಲು ತನ್ನ ಹೆಸರಲ್ಲೇ ಆಗಬೇಕೆಂದು ಅವ್ವ ಹಟ ಹಿಡಿದಳು. ಪಾನ್ ಸಂಖ್ಯೆಯೂ ಅವಳದ್ದೇ. ಅದರ ಮೇಲೆ ಆಗ ಶೇ 5ರ ಟಿಸಿಎಸ್ (ಮಾರುವವರೇ ಹಿಡಿದು ಕಟ್ಟುವ ತೆರಿಗೆ), ಅಂದರೆ 20,000. "ಅದು ಹೋದ ದುಡ್ಡು" ಅಂದರು ಏಜೆಂಟರು. ನಾನೂ ನಂಬಿದ್ದೆ. ವೀಸಾ ಬೇರೆ: 2024ರ ಜೂನ್ 11ರಿಂದ ಷೆಂಗೆನ್ ಶುಲ್ಕ ತಲೆಗೆ 90 ಯೂರೋ, ನಿರಾಕರಿಸಿದರೂ ವಾಪಸಿಲ್ಲ. ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆಯೂ ಕಡ್ಡಾಯ. ಬೆರಳಚ್ಚಿಗೆ ಚೆನ್ನೈಗೆ ಹೋಗಿಬಂದ ಖರ್ಚನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಕ್ಟೋಬರಿನಲ್ಲೂ ನೀಸಿನಲ್ಲಿ ಹಿತವಾದ ಬಿಸಿಲು. ದಂಡೆಯಲ್ಲಿ ಮರಳಿಲ್ಲ, ಬರೀ ನುಣುಪುಗಲ್ಲು. ಅವ್ವ ಚಪ್ಪಲಿ ಬಿಟ್ಟು ನೀರಿಗಿಳಿದು ತುಂಬ ಹೊತ್ತು ಮಾತಾಡಲಿಲ್ಲ. ಹಳೇ ಪೇಟೆಯಲ್ಲಿ ಕಡಲೆಹಿಟ್ಟು, ಆಲಿವ್ ಎಣ್ಣೆಯ 'ಸೊಕ್ಕಾ' ತಿಂದು, ನಮ್ಮ ದೋಸೆಯ ತಂಗಿ ಅಂದಳು. ಹೋಟೆಲಲ್ಲಿ ಊಟದ ಜೊತೆ ಹೂಜಿಯಲ್ಲಿ ನಲ್ಲಿ ನೀರು ಕೇಳಿದರೆ ಕಾಸಿಲ್ಲ. ಮೊದಲ ಎರಡು ದಿನ ಅದು ತಿಳಿಯದೆ ಬಾಟಲಿಗೆ ಕೊಟ್ಟೆವು.

ಕಾರ್ಡ್ ಯಂತ್ರ ರೂಪಾಯಿಯೋ ಯೂರೋವೋ ಎಂದು ಕೇಳುತ್ತದೆ. ಗುರುತಿರುವ ನಾಣ್ಯವೆಂದು ರೂಪಾಯಿ ಒತ್ತಿದೆ. ಆ ದಿನದ ಪೇಟೆ ದರಕ್ಕಿಂತ ಎಷ್ಟೋ ಹೆಚ್ಚಿನ ದರ ಬಿತ್ತು, ರಸೀದಿಯಲ್ಲೇ ಇತ್ತು. ಯೂರೋವನ್ನೇ ಒತ್ತಬೇಕು, ಆಗ ದರ ಹಾಕುವುದು ಅಂಗಡಿಯ ಯಂತ್ರವಲ್ಲ, ನಮ್ಮ ಕಾರ್ಡಿನ ಕಡೆಯವರು.

ಊರಿಗೆ ಬಂದ ಮೇಲೆ ಅವ್ವನ ತೆರಿಗೆ ಲೆಕ್ಕದ ಫಾರಂ 26ಎಎಸ್ ತೆರೆದೆ. ಆ 20,000 ಅವಳ ಹೆಸರಲ್ಲೇ ಕೂತಿತ್ತು! ಅವಳಿಗೆ ತೆರಿಗೆಯಿಲ್ಲ, ಆದರೆ ರಿಟರ್ನ್ ಹಾಕದಿದ್ದರೆ ಆ ಹಣವೂ ಇಲ್ಲ. ಹುಟ್ಟಿದಾಗಿನಿಂದ ಒಮ್ಮೆಯೂ ಹಾಕಿದವಳಲ್ಲ. 2025ರ ಜುಲೈಯಲ್ಲಿ ಇಬ್ಬರೂ ಕೂತು ಹಾಕಿದೆವು. ಹಣ ವಾಪಸ್ ಬಂತೆಂದು ಮೊಬೈಲಿಗೆ ಸಂದೇಶ ಬಂದರೂ ಅವಳಿಗೆ ಸಾಲಲಿಲ್ಲ. ಬ್ಯಾಂಕಿಗೆ ನಡೆದು, ಪಾಸ್‌ಬುಕ್ಕಿನಲ್ಲಿ ಆ ಸಾಲು ಅಚ್ಚಾಗುವವರೆಗೆ ಕೌಂಟರಿನ ಮುಂದೆಯೇ ನಿಂತಳು.