ಯಾರು ಬರಬೇಕೋ ಅವರ ಕಾಳು: ತೋಟಕ್ಕೆ ಹಕ್ಕಿ ಕರೆಯಲು 13 ಸೂತ್ರಗಳು

ಬಾಲ್ಕನಿಯಲ್ಲಿ ಒಂದು ಅಗಲ ತಟ್ಟೆ ಇಟ್ಟು, ಕೈಗೆ ಸಿಕ್ಕ ಕಾಳನ್ನೆಲ್ಲ ಸುರಿದರೆ ಹಕ್ಕಿ ಬರುವುದು ಖಂಡಿತ. ಆದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಹಾಗೆ ಬಂದು ಠಿಕಾಣಿ ಹೂಡುವುದು ಹೆಚ್ಚಾಗಿ ಪಾರಿವಾಳ. ಗುಬ್ಬಚ್ಚಿ ನೋಡುವ ಆಸೆಯಿಂದ ಹೊರಟವರು ಕೊನೆಗೆ ಹಿಕ್ಕೆ ತೊಳೆಯುತ್ತ ಕೂರುತ್ತಾರೆ. ಕಾಳು, ಪಾತ್ರೆ, ಜಾಗ ಈ ಮೂರನ್ನು ನೀವು ಆಯ್ದುಕೊಂಡಾಗಲೇ ಯಾರು ಬರಬೇಕು, ಯಾರು ಬರಬಾರದು ಎಂಬುದೂ ಅರ್ಧ ತೀರ್ಮಾನವಾಗಿರುತ್ತದೆ. ಆದ್ದರಿಂದ ಆಯ್ಕೆ ಕಣ್ಣುಮುಚ್ಚಿ ಆಗಬಾರದು.

1. ಮೊದಲು ಹಕ್ಕಿ, ಆಮೇಲೆ ಕಾಳು

ಫೀಡರ್ ಕೊಳ್ಳುವ ಮುಂಚೆ ಒಂದು ವಾರ ಬೆಳಗ್ಗೆ ಅರ್ಧ ಗಂಟೆ ಸುಮ್ಮನೆ ನೋಡಿ. ಬೀದಿಯಲ್ಲಿ, ಪಕ್ಕದ ಖಾಲಿ ಸೈಟಿನಲ್ಲಿ, ಎದುರಿನ ಮರದಲ್ಲಿ ಯಾರಿದ್ದಾರೆ? ಹುಲ್ಲು ಬೆಳೆದ ಸೈಟಿದ್ದರೆ ರಾಟವಾಳ ಇರಬಹುದು, ಹಳೆಯ ಹೆಂಚಿನ ಮನೆಗಳಿದ್ದರೆ ಗುಬ್ಬಚ್ಚಿ. ಸುತ್ತಮುತ್ತ ಇಲ್ಲದ ಹಕ್ಕಿಯನ್ನು ಎಂಥ ದುಬಾರಿ ಕಾಳೂ ಕರೆತರುವುದಿಲ್ಲ. ಗುರುತು ಹಚ್ಚಲು ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಕೈಗೆಟುಕುವಲ್ಲಿರಲಿ. ದನಿಯಿಂದ ಪತ್ತೆ ಮಾಡಲು ‘ಮರ್ಲಿನ್’ ಎಂಬ ಉಚಿತ ಆ್ಯಪ್ ಇದೆ.

2. ಕೊಕ್ಕು ನೋಡಿ ಊಟ ಹಾಕಿ

ಗುಬ್ಬಚ್ಚಿ, ರಾಟವಾಳ, ಗೀಜಗಗಳದು ಗಿಡ್ಡ, ದಪ್ಪ, ಚೂಪಾದ ಕೊಕ್ಕು. ಸಣ್ಣ ಕಾಳಿನ ಸಿಪ್ಪೆ ಬಿಡಿಸಿ ತಿನ್ನಲು ಹೇಳಿ ಮಾಡಿಸಿದ್ದು. ಗಿಳಿಯ ಕೊಕ್ಕೆಯಂಥ ಕೊಕ್ಕು ಗಟ್ಟಿ ಸಿಪ್ಪೆಯನ್ನೂ ಒಡೆಯುತ್ತದೆ. ಬೆಳವ, ಪಾರಿವಾಳಗಳು ಕಾಳನ್ನು ಇಡಿಯಾಗಿ ನುಂಗುತ್ತವೆ. ಅರೆಯುವ ಕೆಲಸ ಹೊಟ್ಟೆಯೊಳಗಿನ ಹರಳುಗಳದು. ಪಿಕಳಾರಕ್ಕೆ ಬೇಕಾದದ್ದು ಹಣ್ಣು ಮತ್ತು ಹುಳು, ಸೂರಕ್ಕಿಗೆ ಮಕರಂದ ಮತ್ತು ಜೇಡ. ಇವೆರಡೂ ಕಾಳಿನ ತಟ್ಟೆಯತ್ತ ತಿರುಗಿಯೂ ನೋಡವು.

3. ಒಂದೇ ಕಾಳು ಎಂದರೆ ನವಣೆ

ಗುಬ್ಬಚ್ಚಿ, ರಾಟವಾಳಗಳಿಗೆ ನವಣೆಯಷ್ಟು ಒಗ್ಗುವ ಕಾಳು ಇನ್ನೊಂದಿಲ್ಲ. ಆದರೆ ಕೊಳ್ಳುವಾಗ ಗಮನವಿಡಿ: ಸಿರಿಧಾನ್ಯದ ಅಂಗಡಿಯಲ್ಲಿ ಸಿಗುವುದು ಸಿಪ್ಪೆ ತೆಗೆದ ನವಣೆ ಅಕ್ಕಿ, ಅದು ನಮ್ಮ ಊಟಕ್ಕೆ. ಹಕ್ಕಿಗೆ ಸಿಪ್ಪೆಸಹಿತ ಇಡೀ ಕಾಳು ಬೇಕು. ಸಿಪ್ಪೆ ಇದ್ದರೆ ಕಾಳು ಬೇಗ ಮುಗ್ಗಲು ಹಿಡಿಯುವುದಿಲ್ಲ. ಬಿಡಿಸಿ ತಿನ್ನುವುದು ಹಕ್ಕಿಗೆ ಹುಟ್ಟುಗುಣ. ಜೊತೆಗೆ ಸಾಮೆ, ಸಜ್ಜೆ, ರಾಗಿ ಸ್ವಲ್ಪ ಸ್ವಲ್ಪ ಸೇರಿಸಬಹುದು. ಅಮೆರಿಕ, ಯುರೋಪಿನವರು ಗೋಲ್ಡ್‌ಫಿಂಚ್ ಹಕ್ಕಿಗಾಗಿ ‘ನೈಜರ್’ ಎಂಬ ಕಪ್ಪು ಬೀಜ ಕೊಳ್ಳುತ್ತಾರೆ. ಅದು ನಮ್ಮ ಚಟ್ನಿಪುಡಿಯ ಹುಚ್ಚೆಳ್ಳೇ. ಹೆಚ್ಚಾಗಿ ಇಥಿಯೋಪಿಯ, ಭಾರತಗಳಿಂದ ಅಲ್ಲಿಗೆ ಹೋಗುತ್ತದೆ. ಗೋಲ್ಡ್‌ಫಿಂಚ್ ಇಲ್ಲದ ನಮ್ಮ ತೋಟದಲ್ಲಿ ಆ ವಿದೇಶಿ ಪಟ್ಟಿಯನ್ನು ನಕಲು ಮಾಡುವ ಅಗತ್ಯವಿಲ್ಲ.

4. ಗಿಳಿ ಬೇಕಾದರೆ ಎಣ್ಣೆಕಾಳು, ಅದೂ ಅಳತೆಯಲ್ಲಿ

ಗಿಳಿಗೆ ಸೂರ್ಯಕಾಂತಿ, ಶೇಂಗಾ ಎಂದರೆ ಪ್ರಾಣ. ಉತ್ತರ ಕರ್ನಾಟಕದ ಸೂರ್ಯಕಾಂತಿ ಬೆಳೆಗಾರರನ್ನು ಕೇಳಿ, ಹೇಳುತ್ತಾರೆ! ಎಣ್ಣೆಗೆಂದು ಬೆಳೆಯುವ ಕಪ್ಪು ಬೀಜದ ಸಿಪ್ಪೆ ತೆಳು, ಒಡೆಯಲು ಸುಲಭ. ಹಸಿ ಶೇಂಗಾ ಹಾಕಿ, ಉಪ್ಪು ಹಾಕಿ ಹುರಿದದ್ದು ಬೇಡ. ಮುಗ್ಗಲು ವಾಸನೆ ಬಂದ ಶೇಂಗಾ ಕೈಯಲ್ಲೂ ಹಿಡಿಯಬೇಡಿ. ಅದರ ಬೂಸ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಹಕ್ಕಿಯ ಯಕೃತ್ತನ್ನು ಹಾಳುಮಾಡುತ್ತದೆ. ಹಳ್ಳಿಯಲ್ಲಿದ್ದು ಸುತ್ತ ಹೊಲಗಳಿದ್ದರೆ ಗಿಳಿಗೆ ಕಾಳಿಡುವ ಗೋಜಿಗೇ ಹೋಗಬೇಡಿ. ನೀವು ಕರೆದ ಹಿಂಡು ಪಕ್ಕದವರ ತೆನೆಯನ್ನೂ ಹುಡುಕಿಕೊಳ್ಳುತ್ತದೆ.

5. ಮಿಶ್ರಣದ ಪೊಟ್ಟಣಕ್ಕೆ ಮರುಳಾಗಬೇಡಿ

‘ವೈಲ್ಡ್ ಬರ್ಡ್ ಮಿಕ್ಸ್’ ಎಂದು ಬಣ್ಣದ ಚಿತ್ರ ಹಾಕಿದ ಪೊಟ್ಟಣಗಳಲ್ಲಿ ಗೋಧಿ, ಮುರಿದ ಮೆಕ್ಕೆಜೋಳ, ಬಟಾಣಿಯಂಥ ಅಗ್ಗದ ಭರ್ತಿ ಇರುವುದುಂಟು. ಸಣ್ಣ ಹಕ್ಕಿಗಳು ನವಣೆಯನ್ನು ಮಾತ್ರ ಹೆಕ್ಕಿ ಉಳಿದದ್ದನ್ನು ಕೆಳಗೆ ಕೆದರುತ್ತವೆ. ಆ ಚೆಲ್ಲಿದ ಕಾಳಿಗೆ ಹಗಲು ಪಾರಿವಾಳ, ರಾತ್ರಿ ಇಲಿ. ಕಾಳುಗಳನ್ನು ಬಿಡಿಬಿಡಿಯಾಗಿ ಕೊಂಡು ನೀವೇ ಬೆರೆಸಿದರೆ ದುಡ್ಡೂ ಉಳಿಯುತ್ತದೆ, ನೆಲವೂ ಚೊಕ್ಕಟ.

6. ಬಿತ್ತನೆ ಬೀಜ ಬೇಡವೇ ಬೇಡ

ಬಿತ್ತಿ ಉಳಿದ ಜೋಳ, ಸಜ್ಜೆ, ಸೂರ್ಯಕಾಂತಿ ಮನೆಯಲ್ಲಿದೆಯೇ? ಬೀಜಕ್ಕೆ ಗುಲಾಬಿ, ಹಸಿರು, ನೀಲಿ ಬಣ್ಣ ಹತ್ತಿದ್ದರೆ ಅದು ಬೀಜೋಪಚಾರ ಮಾಡಿದ್ದು: ಶಿಲೀಂಧ್ರನಾಶಕ ಅಥವಾ ಕೀಟನಾಶಕ ಲೇಪಿಸಿದ ಕಾಳು. ತಿನ್ನಬಾರದು ಎಂದು ಎಚ್ಚರಿಸಲೆಂದೇ ಬಣ್ಣ ಹಾಕಿರುತ್ತಾರೆ. ಹಕ್ಕಿಗೆ ಆ ಎಚ್ಚರಿಕೆ ಓದಲು ಬರುವುದಿಲ್ಲ. ತೊಳೆದು ಹಾಕಿದರಾಯಿತು ಎಂಬ ಯೋಚನೆಯೂ ಬೇಡ.

7. ಅಡುಗೆಮನೆಯಿಂದ ಏನು ಸರಿ, ಏನು ತಪ್ಪು

ಅಕ್ಕಿ ನುಚ್ಚು ಹಾಕಬಹುದು. ಹಸಿ ಅಕ್ಕಿ ಹೊಟ್ಟೆಯಲ್ಲಿ ಉಬ್ಬಿ ಹಕ್ಕಿ ಸಾಯುತ್ತದೆ ಎಂಬುದು ಬರೀ ಸುಳ್ಳು. ಗದ್ದೆಯ ಭತ್ತ ತಿಂದೇ ಗೀಜಗಗಳು ಬದುಕಿವೆ. ಉಪ್ಪು ಬೀಳದ ಅನ್ನದ ಅಗುಳು ಸ್ವಲ್ಪ ಹಾಕಿದರೂ ತೊಂದರೆಯಿಲ್ಲ, ಹಳಸುವ ಮೊದಲು ತೆಗೆದುಬಿಡಿ. ಮಿಕ್ಸ್ಚರ್, ಚಿಪ್ಸ್, ಬಿಸ್ಕತ್ತು, ಉಪ್ಪಿಟ್ಟು, ಹಾಲು ಬೇಡ. ಬ್ರೆಡ್ಡಿನಿಂದ ಹೊಟ್ಟೆ ತುಂಬುತ್ತದೆ, ಪೋಷಣೆ ದಕ್ಕುವುದಿಲ್ಲ. ಪಿಕಳಾರ, ಕುಟ್ರು ಹಕ್ಕಿ, ಕೋಗಿಲೆಗಳಿಗೆ ಪಪ್ಪಾಯಿ, ಸೀಬೆ, ಮಾಗಿದ ಬಾಳೆಹಣ್ಣಿನ ಹೋಳನ್ನು ಕೊಂಬೆಯ ಮೊಳೆಗೆ ಚುಚ್ಚಿಡಿ. ಸಂಜೆಗೆ ಉಳಿದದ್ದು ಗೊಬ್ಬರದ ಗುಂಡಿಗೆ.

8. ಪಾರಿವಾಳ ಬೇಡವಾದರೆ ನಿಲ್ಲಲು ಜಾಗ ಕೊಡಬೇಡಿ

ಪಾರಿವಾಳಕ್ಕೆ ಕಾಲೂರಲು ಚಪ್ಪಟೆ ನೆಲೆ ಬೇಕು. ಅಗಲ ತಟ್ಟೆ, ಪ್ಯಾರಪೆಟ್ ಗೋಡೆಯ ಮೇಲಿನ ಕಾಳು ಅದಕ್ಕೆ ಬರೆದ ಆಮಂತ್ರಣ. ತೂಗುವ ಕೊಳವೆ ಫೀಡರ್ ಆಯ್ದುಕೊಳ್ಳಿ. ಕೂರುವ ಕಡ್ಡಿಗಳು ಗಿಡ್ಡವಾಗಿರಲಿ, ಅಡಿಯಲ್ಲಿ ಅಗಲ ತಟ್ಟೆ ಇರದಿರಲಿ. ಇನ್ನೂ ಬಿಗಿ ಬೇಕೆಂದರೆ ಫೀಡರಿನ ಸುತ್ತ ಸುಮಾರು 4 ಸೆಂ.ಮೀ. ಕಿಂಡಿಯ ತಂತಿಬಲೆ ಕಟ್ಟಿ: ಗುಬ್ಬಚ್ಚಿ, ರಾಟವಾಳ ನುಸುಳುತ್ತವೆ, ಪಾರಿವಾಳ ಹೊರಗುಳಿಯುತ್ತದೆ. ಇದು ಬರೀ ಕಿರಿಕಿರಿಯ ಮಾತಲ್ಲ. ಒಣಗಿದ ಹಿಕ್ಕೆ ಮತ್ತು ಪುಕ್ಕದ ದೂಳನ್ನು ಬಹುಕಾಲ ಉಸಿರಾಡಿದ ಕೆಲವರಿಗೆ ಶ್ವಾಸಕೋಶದ ಗಂಭೀರ ಕಾಯಿಲೆ ಬರುತ್ತದೆ. ಮುಂಬಯಿಯಲ್ಲಿ 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಸಾರ್ವಜನಿಕ ಕಬೂತರ್‌ಖಾನಾಗಳನ್ನು ಮುಚ್ಚಲು ಹೊರಟದ್ದಕ್ಕೆ ಕೊಟ್ಟ ಕಾರಣವೂ ಆರೋಗ್ಯವೇ.

9. ಭತ್ತದ ತೋರಣವನ್ನು ಮರೆಯಬೇಡಿ

ಸುಗ್ಗಿಯ ನಂತರ ಭತ್ತದ ತೆನೆಗಳನ್ನು ಹೆಣೆದು ಬಾಗಿಲಿಗೆ ಕಟ್ಟುವ ತೋರಣ ನಮ್ಮ ಮನೆಗಳಲ್ಲಿ ಅಲಂಕಾರ, ಗುಬ್ಬಚ್ಚಿಗೆ ಊಟ. ಫೀಡರ್ ಆಗಿಯೂ ಇದು ಚೆನ್ನಾಗಿ ಒದಗುತ್ತದೆ: ಹಗುರ ಹಕ್ಕಿ ಜೋತುಬಿದ್ದು ತಿನ್ನುತ್ತದೆ, ಭಾರದ ಪಾರಿವಾಳಕ್ಕೆ ಹಿಡಿತ ಸಿಗುವುದಿಲ್ಲ. ತೊಳೆಯುವ ಕೆಲಸವೂ ಇಲ್ಲ, ಕಾಳು ಮುಗಿದರೆ ಹುಲ್ಲು ಗಿಡದ ಬುಡಕ್ಕೆ. ನವಣೆ, ಸಜ್ಜೆಯ ತೆನೆ ಸಿಕ್ಕರೆ ಅದನ್ನೂ ಹೀಗೇ ಗೊಂಚಲು ಕಟ್ಟಿ. ಮಳೆ ಬೀಳದ ಸೂರಿನಡಿ ಇರಲಿ.

10. ಗಾಜು, ಬೆಕ್ಕು, ಇರುವೆ, ಇಲಿ: ನಾಲ್ಕಕ್ಕೂ ಉತ್ತರವಿದೆ

ಕಿಟಕಿ ಗಾಜಿನಲ್ಲಿ ಆಕಾಶ ಕಂಡು ಹಕ್ಕಿಗಳು ಢಿಕ್ಕಿ ಹೊಡೆಯುತ್ತವೆ. ಫೀಡರನ್ನು ಗಾಜಿಗೆ ತೀರ ಹತ್ತಿರ, ಒಂದು ಮೀಟರಿನೊಳಗೆ ತೂಗಿ. ಹೆದರಿ ಹಾರಿದರೂ ವೇಗ ಕೂಡುವ ಮೊದಲೇ ಗಾಜು ಎದುರಾಗುವುದರಿಂದ ಪೆಟ್ಟು ಜೋರಾಗದು. ಇಲ್ಲವೇ ಹತ್ತು ಮೀಟರಿನಾಚೆ ಇಡಿ. ಬೆಕ್ಕು ಹೊಂಚಲು ಬರುವಂಥ ಪೊದೆ ಎರಡು ಮೂರು ಮೀಟರ್ ದೂರವಿರಲಿ. ತೀರ ಬಯಲೂ ಬೇಡ, ಗಿಡುಗ ಬಂದರೆ ಓಡಿ ಅಡಗಲು ಮರ ಬೇಕು. ಇರುವೆಗೆ ತಂತಿಯ ನಡುವೆ ನೀರು ತುಂಬಿದ ಪುಟ್ಟ ಬಟ್ಟಲು ಸಾಕು. ಎಣ್ಣೆ, ಗ್ರೀಸ್ ಬಳಿಯಬೇಡಿ, ರೆಕ್ಕೆಗೆ ಮೆತ್ತಿಕೊಂಡರೆ ಹಕ್ಕಿಗೆ ಹಾರಲಾಗದು. ಇಲಿ ಬಾರದಂತೆ ಕತ್ತಲಾಗುವ ಮುಂಚೆ ಕಾಳು ಒಳಗೆತ್ತಿ, ಚೆಲ್ಲಿದ್ದನ್ನು ಗುಡಿಸಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಕೆಳಗಿನ ಮನೆಯವರ ಒಗೆದ ಬಟ್ಟೆಯ ಮೇಲೆ ಸಿಪ್ಪೆ ಉದುರದಂತೆಯೂ ನೋಡಿಕೊಳ್ಳಿ.

11. ಒಂದು ಹಿಡಿ, ಹೊತ್ತಿಗೆ ಸರಿಯಾಗಿ

ಹಕ್ಕಿಗಳು ಹೆಚ್ಚು ಮೇಯುವುದು ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಮತ್ತು ಸಂಜೆ. ಅಷ್ಟರಲ್ಲಿ ಖಾಲಿಯಾಗುವಷ್ಟೇ ಹಾಕಿ. ಮಳೆಗಾಲದಲ್ಲಿ ಇನ್ನೂ ಕಡಿಮೆ. ಒದ್ದೆಯಾದ ಕಾಳು ಬೇಗ ಮೊಳೆಯುತ್ತದೆ, ಬೂಸ್ಟು ಹಿಡಿಯುತ್ತದೆ. ಹೊಸ ಫೀಡರಿಗೆ ಮೊದಲ ದಿನವೇ ಯಾರೂ ಬಾರದಿದ್ದರೆ ಜಾಗ ಬದಲಿಸುತ್ತ ಹೋಗಬೇಡಿ, ಎರಡು ಮೂರು ವಾರ ಬಿಡಿ. ಊರಿಗೆ ಹೋಗಬೇಕಾದರೆ ಚಿಂತೆಯಿಲ್ಲ: ನಿಮ್ಮ ಕಾಳು ಅವುಗಳಿಗೆ ಮೇಲೋಗರವಷ್ಟೇ, ಊಟ ಬೇರೆಡೆ ಇದ್ದೇ ಇದೆ.

12. ವಾರಕ್ಕೊಮ್ಮೆ ತೊಳೆಯಿರಿ, ನೀರನ್ನು ನಿತ್ಯ ಬದಲಿಸಿ

ಒಂದೇ ತಟ್ಟೆಗೆ ನೂರು ಕೊಕ್ಕು ತಾಗಿದರೆ ರೋಗವೂ ಹಂಚಿಹೋಗುತ್ತದೆ. ಬ್ರಿಟನ್ನಿನಲ್ಲಿ 2005ರ ಆಸುಪಾಸಿನಲ್ಲಿ ಗ್ರೀನ್‌ಫಿಂಚ್ ಹಕ್ಕಿಗೆ ಟ್ರೈಕೊಮೊನೊಸಿಸ್ ಎಂಬ ಗಂಟಲು ರೋಗ ತಗುಲಿತು. ಜೊಲ್ಲು ಸೋಕಿದ ಕಾಳು, ನೀರಿನ ಮೂಲಕ ಹಬ್ಬುವ ರೋಗವದು. ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದು, 2021ರಲ್ಲಿ ಆ ಹಕ್ಕಿ ಅಲ್ಲಿನ ಅಪಾಯದ ಕೆಂಪು ಪಟ್ಟಿ ಸೇರಿತು. ಹಾಗಾಗಿ ಫೀಡರನ್ನು ವಾರಕ್ಕೊಮ್ಮೆ ಸೋಪು ನೀರಿನಲ್ಲಿ ಉಜ್ಜಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಅದ್ದಿ, ಚೆನ್ನಾಗಿ ಜಾಲಿಸಿ ಬಿಸಿಲಿಗೊಡ್ಡಿ. ಪುಕ್ಕ ಕೆದರಿಕೊಂಡು ಮಂಕಾಗಿ ಕುಳಿತ ಹಕ್ಕಿ ಕಂಡರೆ ಎರಡು ವಾರ ಕಾಳು ನಿಲ್ಲಿಸಿ. ನೀರಿಗೆ ಕುಂಡದಡಿ ಇಡುವ ಮಣ್ಣಿನ ತಟ್ಟೆ ಸಾಕು: ಆಳ ಎರಡು ಮೂರು ಬೆರಳು, ನಡುವೆ ಒಂದು ಕಲ್ಲು. ದಿನವೂ ಚೆಲ್ಲಿ ಹೊಸ ನೀರು ಹಾಕಿದರೆ ಡೆಂಗಿ ಸೊಳ್ಳೆಯ ಮರಿಗೆ ಬೆಳೆಯಲು ಸಮಯವೇ ಸಿಗದು. ಏಪ್ರಿಲ್, ಮೇ ತಿಂಗಳಲ್ಲಿ ಕಾಳಿಗಿಂತ ನೀರಿಗೇ ಹೆಚ್ಚು ಹಕ್ಕಿಗಳು ಬರುತ್ತವೆ. ಕಾಳು ಮುಟ್ಟದ ಮಡಿವಾಳ ಹಕ್ಕಿ, ಟುವ್ವಿ ಹಕ್ಕಿಗಳೂ ಮುಳುಗು ಹಾಕಿ ಹೋಗುತ್ತವೆ.

13. ಕಾಳು ತಿನ್ನದವರಿಗೆ ಗಿಡ ನೆಡಿ

ನಮ್ಮ ತೋಟದ ಹಕ್ಕಿಗಳಲ್ಲಿ ಬಹುಪಾಲು ಹಣ್ಣು, ಹುಳು, ಮಕರಂದದವು. ಸೂರಕ್ಕಿಗೆ ಸಕ್ಕರೆ ನೀರಿನ ಬಾಟಲಿ ತೂಗುವ ಬದಲು ದಾಸವಾಳ, ಕೇಪಳ, ಹಮೇಲಿಯ ಬೆಳೆಸಿ. ಗಸಗಸೆ ಹಣ್ಣಿನ ಮರವೊಂದಿದ್ದರೆ ಪಿಕಳಾರ, ಕುಟ್ರು, ಬದನಿಕೆ ಹಕ್ಕಿಗಳೆಲ್ಲ ಒಂದೇ ಕಡೆ ಸೇರುತ್ತವೆ. ಅಂಗಳದ ಮೂಲೆಯಲ್ಲಿ ನಾಲ್ಕಡಿ ಹುಲ್ಲನ್ನು ಕತ್ತರಿಸದೆ ತೆನೆಯಾಗಲು ಬಿಡಿ, ರಾಟವಾಳಕ್ಕೆ ಅದೇ ಫೀಡರ್. ಎಲ್ಲಕ್ಕಿಂತ ಮುಖ್ಯ, ಕೀಟನಾಶಕ ಸಿಂಪಡಿಸುವುದನ್ನು ಬಿಡಿ. ದೊಡ್ಡ ಗುಬ್ಬಚ್ಚಿ ಕಾಳು ತಿಂದರೂ ಮರಿಗಳಿಗೆ ಮೊದಮೊದಲು ಉಣಿಸುವುದು ಹುಳುಗಳನ್ನು. ತಟ್ಟೆ ತುಂಬ ನವಣೆ ಇಟ್ಟು, ಗಿಡಕ್ಕೆಲ್ಲ ಔಷಧಿ ಹೊಡೆದರೆ ತಾಯಿಗೆ ಊಟ ಹಾಕಿ ಮರಿಯನ್ನು ಉಪವಾಸ ಕೆಡವಿದ ಹಾಗಾಯಿತು.

ಈ ಭಾನುವಾರ ಶುರು ಮಾಡಲು

ಸಿಪ್ಪೆಸಹಿತ ನವಣೆ ಅರ್ಧ ಕಿಲೊ, ಗಿಡ್ಡ ಕಡ್ಡಿಯ ಒಂದು ಕೊಳವೆ ಫೀಡರ್ ಅಥವಾ ಒಂದು ಭತ್ತದ ತೋರಣ, ಒಂದು ಮಣ್ಣಿನ ತಟ್ಟೆ, ಒಂದು ದಾಸವಾಳದ ಗಿಡ. ಇಷ್ಟು ಸಾಕು. ಕಾಳು ಕೊಳ್ಳಲು ಹೋದ ಅಂಗಡಿಯಲ್ಲಿ ಪಂಜರದಲ್ಲಿಟ್ಟ ನಮ್ಮ ಕಾಡಿನ ರಾಟವಾಳ, ಗಿಳಿ ಕಂಡರೆ ಅಲ್ಲಿ ವ್ಯಾಪಾರ ಮಾಡಬೇಡಿ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವನ್ನು ಹಿಡಿಯುವುದು, ಮಾರುವುದು ಅಪರಾಧ, ಅರಣ್ಯ ಇಲಾಖೆಗೆ ತಿಳಿಸಿ. ಒಂದು ತಿಂಗಳು ಕಳೆದ ಮೇಲೆ ಯಾರು ಬಂದರು, ಯಾರು ಬರಲಿಲ್ಲ ಎಂದು ಪಟ್ಟಿ ಮಾಡಿ. ಪಟ್ಟಿ ಮನಸ್ಸಿಗೆ ಬಾರದಿದ್ದರೆ ಕಾಳಿನ ಪ್ರಮಾಣ ಹೆಚ್ಚಿಸಬೇಡಿ. ಕಾಳನ್ನೋ ಪಾತ್ರೆಯನ್ನೋ ಜಾಗವನ್ನೋ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಿ.