ಝೈತೂನ್ ಎಣ್ಣೆ: ಬೆಳೆಯುವವರು ಬಳಸುವ ಬಗೆ

ನಮ್ಮಲ್ಲಿ ಅನೇಕರ ಮನೆಯಲ್ಲಿ ಝೈತೂನ್ ಎಣ್ಣೆಯ ಒಂದು ಬಾಟಲಿ ಇದ್ದೇ ಇರುತ್ತದೆ. ಉಮ್ರಾಕ್ಕೆ ಹೋದವರು ತಂದದ್ದೋ, ಗಲ್ಫ್‌ನಲ್ಲಿರುವ ಮಗ ಕಳುಹಿಸಿದ್ದೋ ಆಗಿರುತ್ತದೆ. ಕುರ್‌ಆನ್‌ನಲ್ಲಿ ಹೆಸರು ಬಂದಿರುವ ಹಣ್ಣಿನ ಎಣ್ಣೆ ಎಂಬ ಗೌರವದಿಂದ ಅದನ್ನು ಕಪಾಟಿನಲ್ಲಿಟ್ಟು, ಮೊಣಕಾಲಿಗೆ, ಕಿವಿಗೆ, ಮಗುವಿನ ಮೈಗೆ ಎಂದು ಹನಿ ಹನಿಯಾಗಿ ಬಳಸುತ್ತಾರೆ. ಮೂರು ವರ್ಷವಾದರೂ ಬಾಟಲಿ ಮುಗಿಯುವುದಿಲ್ಲ. ಅದನ್ನು ಬೆಳೆಯುವವರ ಮನೆಯಲ್ಲಿ ರೀತಿಯೇ ಬೇರೆ.

ಜೋರ್ಡಾನ್ ಪ್ರವಾಸದಲ್ಲಿ ಉತ್ತರದ ಅಜ್ಲೂನ್ ಬೆಟ್ಟಗಳ ಕಡೆ ಒಂದು ಕುಟುಂಬದ ತೋಟ ನೋಡುವ ಅವಕಾಶ ನನಗೆ ಸಿಕ್ಕಿತ್ತು. ನವೆಂಬರ್ ತಿಂಗಳು, ಕೊಯ್ಲಿನ ಕಾಲ. ಮನೆಮಂದಿಯೇ ನೋಡಿಕೊಳ್ಳಬಹುದಾದಷ್ಟು ಸಣ್ಣ ತೋಟ. ಬುಡದಲ್ಲಿ ಟಾರ್ಪಾಲು ಹಾಸಿ, ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಕೈಯಿಂದ ಕಾಯಿ ಉದುರಿಸುತ್ತಿದ್ದರು. ಕೋಲಿನಿಂದ ಬಡಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಮುಂದಿನ ವರ್ಷ ಫಲ ಕೊಡಬೇಕಾದ ಎಳೆಯ ರೆಂಬೆ ಮುರಿಯುತ್ತದೆ. ಮೊದಲೇ ಇದು ಒಂದು ವರ್ಷ ಹೆಚ್ಚು ಬಿಟ್ಟರೆ ಮರುವರ್ಷ ಕಡಿಮೆ ಬಿಡುವ ಮರ. ಮರದಿಂದ ಕಿತ್ತ ಕಾಯಿಯನ್ನು ಹಾಗೇ ತಿನ್ನಲಾಗದು, ವಿಪರೀತ ಕಹಿ. ಉಪ್ಪುನೀರಿನಲ್ಲಿ ವಾರಗಟ್ಟಲೆ ನೆನೆಸಿದ ಮೇಲೆಯೇ ಅದು ಊಟದ ಬಟ್ಟಲಿಗೆ ಬರುವುದು.

ಕಾಯಿಯನ್ನು ಚೀಲದಲ್ಲಿ ಕಟ್ಟಿ ದಿನಗಟ್ಟಲೆ ಇಟ್ಟರೆ ರಾಶಿ ಬಿಸಿಯೇರಿ ಹುಳಿಯತೊಡಗುತ್ತದೆ, ಎಣ್ಣೆಯ ಆಮ್ಲೀಯತೆ ಹೆಚ್ಚುತ್ತದೆ. ಆದ್ದರಿಂದ ಅಂದೇ ಸಂಜೆ, ತಪ್ಪಿದರೆ ಮರುದಿನ, ಊರಿನ ಗಾಣಕ್ಕೆ. ಅಲ್ಲಿ ತೊಳೆದು, ಬೀಜ ಸಮೇತ ಅರೆದು, ಆ ಮುದ್ದೆಯನ್ನು ಅರ್ಧ ಗಂಟೆಗೂ ಹೆಚ್ಚು ಕಾಲ ನಿಧಾನವಾಗಿ ಕಲಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಎಣ್ಣೆ ಬೇರ್ಪಡಿಸುತ್ತಾರೆ. ಸುಮಾರು 5-6 ಕಿಲೋ ಕಾಯಿಗೆ ಒಂದು ಲೀಟರ್ ಎಣ್ಣೆ. ಉಳಿದ ಹಿಂಡಿಗೆ ‘ಜಿಫ್ತ್’ ಎನ್ನುತ್ತಾರೆ. ಚಳಿಗಾಲದ ಒಲೆಗೆ ಅದು ಉರುವಲು.

ಎಳ್ಳೆಣ್ಣೆಯಂತೆ ಇದು ಒಣ ಬೀಜದ ಎಣ್ಣೆಯಲ್ಲ, ಹಸಿ ಹಣ್ಣಿನ ರಸದಂತೆ. ಗಾಳಿ, ಬೆಳಕು, ಬಿಸಿ ತಾಗಿದಷ್ಟೂ ಕೆಡುತ್ತದೆ. ಆ ಮನೆಯವರು ಅದನ್ನು ಕತ್ತಲೆ ಕೋಣೆಯಲ್ಲಿ ಡಬ್ಬಿಯಲ್ಲಿಟ್ಟು, ದಿನಾ ಊಟಕ್ಕೆ ಬಳಸಿ, ವರ್ಷದೊಳಗೆ ಮುಗಿಸುತ್ತಾರೆ. ಹಳತು ಉಳಿದರೆ ಸೋಪಿಗೆ. ನಾವು ಮೂರು ವರ್ಷ ಜೋಪಾನ ಮಾಡುವುದು ಅವರು ಸೋಪು ಮಾಡುವ ಎಣ್ಣೆಯನ್ನು!

ಹೊಸ ಎಣ್ಣೆಯಲ್ಲಿ ರೊಟ್ಟಿ ಅದ್ದಿ ತಿಂದರೆ ಗಂಟಲು ಚುರ್ ಎಂದು ಕೆಮ್ಮು ಬರುತ್ತದೆ. ‘ಹಕೀಂ ಸಾಹೇಬರೇ, ಎಣ್ಣೆ ಹಾಳಾಗಿದೆ’ ಎಂದು ಇದೇ ಕಾರಣಕ್ಕೆ ಒಳ್ಳೆಯ ಬಾಟಲಿಯನ್ನು ನನ್ನ ಬಳಿ ತಂದವರಿದ್ದಾರೆ. ಅದು ಓಲಿಯೋಕ್ಯಾಂಥಾಲ್ ಎಂಬ ಅಂಶದ ಗುಣ. ಉರಿಯೂತ ತಗ್ಗಿಸುವಲ್ಲಿ ಅದು ಐಬುಪ್ರೊಫೆನ್ ಮಾತ್ರೆಯನ್ನು ಹೋಲುತ್ತದೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಆದರೆ ಅದರ ಪ್ರಮಾಣ ತೀರಾ ಅಲ್ಪ; ವೈದ್ಯರು ಕೊಟ್ಟ ಮಾತ್ರೆ ಬಿಡಲು ಇದು ಕಾರಣವಲ್ಲ. ಎಳೆಗಾಯಿಯ ಎಣ್ಣೆಯನ್ನು ‘ಝೈತುಲ್ ಇನ್‌ಫಾಕ್’ ಎಂದು ಕರೆದು, ಮಾಗಿದ ಹಣ್ಣಿನ ಎಣ್ಣೆಯಿಂದ ಬೇರೆ ಗುಣದ್ದೆಂದು ನಮ್ಮ ಯುನಾನಿ ಗ್ರಂಥಗಳು ಎಂದೋ ವಿಂಗಡಿಸಿವೆ. ಕೆಟ್ಟ ಎಣ್ಣೆಗೆ ಚುರುಕಿರುವುದಿಲ್ಲ, ಹಳೆಯ ಶೇಂಗಾದಂತಹ ಕಮಟು ವಾಸನೆ ಇರುತ್ತದೆ.

ಕೊಳ್ಳುವಾಗ ‘ಎಕ್ಸ್‌ಟ್ರಾ ವರ್ಜಿನ್’ ಎಂದಿರುವುದನ್ನೇ ನೋಡಿ. ಅದರ ಆಮ್ಲೀಯತೆ 0.8 ಶೇಕಡ ಮೀರುವಂತಿಲ್ಲ. ‘ಪೊಮೇಸ್’ ಎಂದಿದ್ದರೆ ಅದು ಹಿಂಡಿಯಿಂದ ರಾಸಾಯನಿಕ ಬಳಸಿ ತೆಗೆದು ಶುದ್ಧೀಕರಿಸಿದ್ದು. ಗಾಢ ಬಣ್ಣದ ಸಣ್ಣ ಬಾಟಲಿ ಸಾಕು. ಒಲೆಯ ಪಕ್ಕ ಇಡಬೇಡಿ.

ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಅರ್ಧ ಲೋಟ ಕುಡಿಯುವುದನ್ನು ಕೇಳಿದ್ದೇನೆ. ಒಂದು ದೊಡ್ಡ ಚಮಚದಲ್ಲೇ ಸುಮಾರು 120 ಕ್ಯಾಲೊರಿ ಇದೆ. ಬೇರೆ ಎಣ್ಣೆ-ತುಪ್ಪದ ಬದಲಿಗೆ ಬಳಸಿದರೆ ಪ್ರಯೋಜನ, ಅದರ ಮೇಲೆ ಸೇರಿಸಿದರೆ ತೂಕ ಏರುತ್ತದೆ.

ತಾಯಂದಿರು ಗಮನಿಸಿ: ಈ ಎಣ್ಣೆಯ ಓಲಿಕ್ ಆಮ್ಲ ಚರ್ಮದ ಹೊರಪದರದ ರಕ್ಷಣೆಯನ್ನು ಸಡಿಲಿಸುತ್ತದೆ. ನವಜಾತ ಶಿಶುವಿಗೆ, ಅದರಲ್ಲೂ ಒಣಚರ್ಮ, ಇಸುಬು ಇರುವ ಮಗುವಿಗೆ ಹಚ್ಚುವುದು ಬೇಡ. ಕಿವಿ ಸೋರುತ್ತಿದ್ದರೆ ಅಥವಾ ತಮಟೆ ತೂತಾಗಿದೆ ಎಂಬ ಸಂಶಯವಿದ್ದರೆ ಒಂದು ಹನಿಯನ್ನೂ ಬಿಡದೆ ಮೊದಲು ವೈದ್ಯರಿಗೆ ತೋರಿಸಿ.