ನೆಲಮಾಳಿಗೆಯ ತೇವವೂ ಬೂಷ್ಟೂ

ಮಳೆಗಾಲದಲ್ಲಿ ಮೂಲೆಯಲ್ಲಿಟ್ಟ ಚರ್ಮದ ಚಪ್ಪಲಿಯ ಮೇಲೂ ಹಳೆಯ ಪುಸ್ತಕದ ರಟ್ಟಿನ ಮೇಲೂ ಬೂಷ್ಟು ಬೆಳೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರಭಾಗದಲ್ಲಿ ಇದೇ ಬೂಷ್ಟು ಮನೆಗಳ ನೆಲಮಾಳಿಗೆಗಳನ್ನು ಕಾಡುತ್ತದೆ. ಅಲ್ಲಿ ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹಲವೆಡೆ ಮೂರು ನಾಲ್ಕು ಅಡಿಗಳ ಆಳದವರೆಗೆ ಹೆಪ್ಪುಗಟ್ಟಿ ಹಿಗ್ಗುವುದರಿಂದ, ತಳಪಾಯವನ್ನು ಅದಕ್ಕಿಂತಲೂ ಕೆಳಗಿಳಿಸಬೇಕಾಗುತ್ತದೆ. ಹೇಗೂ ಅಗೆದ ಮೇಲೆ ಇನ್ನಷ್ಟು ಅಗೆದು ನೆಲದಡಿಯಲ್ಲಿ ಒಂದು ಮಾಳಿಗೆಯನ್ನೇ ಕಟ್ಟಿಕೊಳ್ಳುವುದು ಅಲ್ಲಿನ ರೂಢಿ. ಮುಂದೆ ಕುಟುಂಬ ಬೆಳೆದಾಗ ಆ ಕತ್ತಲೆಯ ಉಗ್ರಾಣವೇ ಓದುವ ಕೋಣೆಯಾಗಿಯೋ ಮಲಗುವ ಕೋಣೆಯಾಗಿಯೋ ಮಾರ್ಪಡುವುದುಂಟು.

ಹೀಗೆ ಮಾರ್ಪಡಿಸುವಾಗ ಅನೇಕರು ಗೋಡೆಯ ಕಲೆಗಳನ್ನು ಉಜ್ಜಿ, ಬಣ್ಣ ಬಳಿದು, ಅದರ ಮುಂದೆ ಜಿಪ್ಸಮ್ ಹಲಗೆಗಳನ್ನು ಜಡಿದುಬಿಡುತ್ತಾರೆ. ಆ ಹಲಗೆಗಳ ಎರಡು ಮೈಗಳಿಗೂ ಸಾಮಾನ್ಯವಾಗಿ ಕಾಗದ ಅಂಟಿಸಿರುತ್ತದೆ. ಕಾಗದವೋ ಬೂಷ್ಟಿಗೆ ಒಳ್ಳೆಯ ಆಹಾರ. ಕೆಲವು ತಿಂಗಳುಗಳಲ್ಲಿ ಹಲಗೆಯ ಹಿಂಬದಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಬೂಷ್ಟು ಹಬ್ಬುತ್ತದೆ.

ಬೂಷ್ಟು ಶಿಲೀಂಧ್ರ ವರ್ಗಕ್ಕೆ ಸೇರಿದ ಜೀವಿ. ಹಸುರು ಸಸ್ಯಗಳಂತೆ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದು; ಮರ, ಕಾಗದ, ಧೂಳು ಮೊದಲಾದವುಗಳನ್ನು ಅವಲಂಬಿಸುತ್ತದೆ. ಅದರ ಸೂಕ್ಷ್ಮ ಬೀಜಕಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ತೇಲುತ್ತಿರುವುದರಿಂದ ಅವುಗಳನ್ನು ಮನೆಯಿಂದ ಪೂರ್ಣವಾಗಿ ಹೊರಗಟ್ಟುವುದು ಅಸಾಧ್ಯ. ಆಹಾರವೂ ಬೆಚ್ಚನೆಯ ಹವೆಯೂ ಮನೆಯಲ್ಲಿ ಇದ್ದೇ ಇರುತ್ತವೆ. ಆದುದರಿಂದ ನಾವು ತಡೆಯಬಲ್ಲುದು ನೀರೊಂದನ್ನೇ. ಇದು ಅಂದಚಂದದ ಪ್ರಶ್ನೆ ಮಾತ್ರವಲ್ಲ. ತೇವ ಮತ್ತು ಬೂಷ್ಟುಗಳಿರುವ ಮನೆಗಳಿಗೂ ಕೆಮ್ಮು, ಉಬ್ಬಸಗಳಿಗೂ ಸಂಬಂಧವಿದೆಯೆಂದು ಅಮೆರಿಕದ ವೈದ್ಯಕೀಯ ಸಂಸ್ಥೆಯು ೨೦೦೪ರಲ್ಲಿ ತನ್ನ ವರದಿಯಲ್ಲಿ ತಿಳಿಸಿತು. ೨೦೦೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ವಿಷಯದಲ್ಲಿ ಮಾರ್ಗಸೂಚಿಯನ್ನು ಪ್ರಕಟಿಸಿತು.

ನೀರು ನೆಲಮಾಳಿಗೆಯನ್ನು ಮೂರು ದಾರಿಗಳಿಂದ ಸೇರುತ್ತದೆ. ಮೊದಲನೆಯದು ಸೋರಿಕೆ. ೧೦೦ ಚದರ ಮೀಟರು ವಿಸ್ತಾರದ ಛಾವಣಿಯ ಮೇಲೆ ೨೫ ಮಿಲಿಮೀಟರು ಮಳೆ ಬಿದ್ದರೆ ೨,೫೦೦ ಲೀಟರು ನೀರಾಗುತ್ತದೆ. ಇದೆಲ್ಲವೂ ಗೋಡೆಯ ಬುಡದಲ್ಲಿಯೇ ಸುರಿದರೆ ಬಿರುಕುಗಳ ಮೂಲಕ ಒಳನುಗ್ಗುವುದರಲ್ಲಿ ಆಶ್ಚರ್ಯವೇನು?

ಎರಡನೆಯದು ಕೇಶಾಕರ್ಷಣೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ನೆಲದ ನೀರು ಮೇಲೇರುತ್ತದೆ. ೧ ಮಿಲಿಮೀಟರು ತ್ರಿಜ್ಯದ ಗಾಜಿನ ನಳಿಕೆಯಲ್ಲಿ ನೀರು ಸುಮಾರು ಒಂದೂವರೆ ಸೆಂಟಿಮೀಟರು ಏರಿದರೆ, ಅದರ ನೂರರಲ್ಲೊಂದು ಪಾಲು ತ್ರಿಜ್ಯದ ನಳಿಕೆಯಲ್ಲಿ ಒಂದೂವರೆ ಮೀಟರು ಏರಬಲ್ಲುದು. ಹೀಗೆ ಬಂದ ನೀರು ಆರಿದಾಗ ಗೋಡೆಯ ಮೇಲೆ ಬಿಳಿಯ ಲವಣದ ಪುಡಿ ಉಳಿಯುತ್ತದೆ. ಇದನ್ನು ಬೂಷ್ಟೆಂದು ಭ್ರಮಿಸಬಾರದು. ಒಂದು ಹನಿ ನೀರು ಹಾಕಿದರೆ ಲವಣ ಸಾಮಾನ್ಯವಾಗಿ ಕರಗುತ್ತದೆ, ಬೂಷ್ಟು ಕರಗದು.

ಮೂರನೆಯದು ಗಾಳಿಯಲ್ಲಿರುವ ಆವಿ. ಬೇಸಗೆಯಲ್ಲಿ ಹೊರಗೆ ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ನೂರಕ್ಕೆ ೭೦ರಷ್ಟು ಸಾಪೇಕ್ಷ ಆರ್ದ್ರತೆಯೂ ಇದ್ದರೆ ಒಂದು ಘನ ಮೀಟರು ಗಾಳಿಯಲ್ಲಿ ಸುಮಾರು ೨೧ ಗ್ರಾಂ ನೀರಾವಿ ಇರುತ್ತದೆ. ಮಣ್ಣಿಗೆ ಆತುಕೊಂಡ ಗೋಡೆ ೧೮ ಡಿಗ್ರಿಯಷ್ಟು ತಂಪಾಗಿದ್ದರೆ, ಅದರ ಬಳಿಯ ಗಾಳಿ ಹಿಡಿದಿಡಬಲ್ಲುದು ಸುಮಾರು ೧೫ ಗ್ರಾಂ ಮಾತ್ರ. ಮಿಕ್ಕದ್ದು ಗೋಡೆಯ ಮೇಲೆ ಹನಿಗಟ್ಟುತ್ತದೆ. ಆದುದರಿಂದ ಮಾಳಿಗೆ ಒಣಗಲೆಂದು ಅಂತಹ ದಿನ ಕಿಟಕಿ ತೆರೆದವರು ಅದನ್ನು ಇನ್ನಷ್ಟು ತೋಯಿಸುತ್ತಾರೆ!

ಈ ದಾರಿಗಳಲ್ಲಿ ಯಾವುದೆಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒರಸಿ ಆರಿಸಿದ ಗೋಡೆಗೆ ಇಟ್ಟು, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಮುಚ್ಚಿ, ಎರಡು ದಿನ ಬಿಡಬೇಕು. ಕೋಣೆಯ ಕಡೆಯ ಮೈಯಲ್ಲಿ ಹನಿಗಳಿದ್ದರೆ ನೀರು ಗಾಳಿಯಿಂದ ಬಂದದ್ದು. ಹಾಳೆಯ ಹಿಂದೆ ಇದ್ದರೆ ಗೋಡೆಯಿಂದ ಬಂದದ್ದು. ಎರಡೂ ಕಡೆ ಇದ್ದರೆ ಎರಡೂ ಕಾರಣಗಳುಂಟು.

ಕಾರಣ ತಿಳಿದರೆ ಚಿಕಿತ್ಸೆ ಕಷ್ಟವಲ್ಲ. ಛಾವಣಿಯ ನೀರನ್ನು ಕೊಳವೆಯ ಮೂಲಕ ಮನೆಯಿಂದ ದೂರ ಹರಿಸಬೇಕು. ಹೊರನೆಲವನ್ನು ಹತ್ತು ಅಡಿಗೆ ಆರು ಅಂಗುಲದಷ್ಟಾದರೂ ಇಳಿಜಾರು ಮಾಡಬೇಕು. ನೆಲದ ನೀರು ಹೆಚ್ಚಾಗಿರುವೆಡೆ ತಳಪಾಯದ ಸುತ್ತ ರಂಧ್ರಗಳುಳ್ಳ ಕೊಳವೆಯನ್ನು ಹೂತು, ಗುಂಡಿಯಲ್ಲಿ ಕೂಡಿದ ನೀರನ್ನು ಪಂಪಿನಿಂದ ಹೊರಹಾಕುತ್ತಾರೆ. ಆವಿಯೇ ಕಾರಣವಾದರೆ ಬೇಸಗೆಯಲ್ಲಿ ಕಿಟಕಿ ಮುಚ್ಚಿ, ತೇವ ತೆಗೆಯುವ ಯಂತ್ರದಿಂದ ಆರ್ದ್ರತೆಯನ್ನು ನೂರಕ್ಕೆ ೬೦ಕ್ಕಿಂತ ಕೆಳಗಿಡಬೇಕು.

ಬೂಷ್ಟನ್ನು ತೆಗೆಯುವ ಸರದಿ ಇದಾದ ಮೇಲೆ. ಹತ್ತು ಚದರ ಅಡಿಗಿಂತ ಕಡಿಮೆಯಿದ್ದರೆ ಮುಖವಾಡ, ಕೈಚೀಲ ತೊಟ್ಟು ಮನೆಯವರೇ ಸಾಬೂನು ನೀರಿನಿಂದ ಉಜ್ಜಿ ಆರಿಸಬಹುದು; ಉಬ್ಬಸವುಳ್ಳವರು ದೂರವಿರುವುದು ಲೇಸು. ಬೂಷ್ಟು ಹಿಡಿದ ಜಿಪ್ಸಮ್ ಹಲಗೆ, ರತ್ನಗಂಬಳಿಗಳನ್ನು ಎಸೆಯುವುದೇ ಮೇಲು. ಬ್ಲೀಚಿಂಗ್ ದ್ರವವನ್ನು ಅಮೋನಿಯದೊಡನೆ ಎಂದಿಗೂ ಬೆರೆಸಬಾರದು; ವಿಷಾನಿಲ ಹುಟ್ಟುತ್ತದೆ. ಗೋಡೆ ಒಣಗಿಯೇ ಉಳಿಯುವುದೆಂದು ಒಂದು ಮಳೆಗಾಲವನ್ನಾದರೂ ನೋಡಿ ಅನಂತರ ಹಲಗೆ ಜಡಿಯುವುದು ವಿವೇಕ.

ನಮ್ಮ ನಾಡಿನಲ್ಲಿ ನೆಲಮಾಳಿಗೆಗಳು ವಿರಳವಾದರೂ ತೇವದ ಗೋಡೆಗಳಿಗೆ ಕೊರತೆಯಿಲ್ಲ. ಮುಂದಿನ ಮಳೆಗಾಲದಲ್ಲಿ ವಿದ್ಯಾರ್ಥಿಗಳು ತಮ್ಮ ಮನೆಯ ಅಥವಾ ವಿದ್ಯಾರ್ಥಿನಿಲಯದ ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮಾಡಿ ನೋಡಲಿ. ಸುಣ್ಣ ಬಳಿಯುವ ಮೊದಲು ಆ ಎರಡು ದಿನ ಕಾದರೆ ನಷ್ಟವೇನೂ ಇಲ್ಲ.